ಒಂದು ಒಲೆ, ಎರಡು ಕೆಲಸ: ಉತ್ತರ ಧ್ರುವದ ಹತ್ತಿರದ ಊರೊಂದು ಕಲ್ಲಿದ್ದಲು ಬಿಟ್ಟಿದ್ದು ಹೇಗೆ

2023ರ ಡಿಸೆಂಬರ್‌ನಲ್ಲಿ ಭಾರತ ಮೊದಲ ಸಲ ಚಳಿಗಾಲದಲ್ಲೇ ಆರ್ಕ್ಟಿಕ್‌ಗೆ ವಿಜ್ಞಾನಿಗಳನ್ನು ಕಳಿಸಿತು. ಮೊದಲ ತಂಡದಲ್ಲಿ ಇದ್ದದ್ದು ನಾಲ್ಕೇ ಜನ. ಅವರಲ್ಲಿ ಒಬ್ಬರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಅಲ್ಲಿ ರೇಡಿಯೋ ಅಲೆಗಳ ಗದ್ದಲ ಎಷ್ಟಿದೆ, ಆಕಾಶದ ಸಣ್ಣ ಪಿಸುಮಾತು ಕೇಳುವಷ್ಟು ನಿಶ್ಶಬ್ದ ಇದೆಯಾ ಎಂದು ಅಳೆಯುವುದು ಅವರ ಕೆಲಸ. ಹೋಗಬೇಕಿದ್ದದ್ದು ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿರುವ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರಕ್ಕೆ. ಅದು 2008ರಿಂದ ಇದೆ. ಅಲ್ಲಿಗೆ ಹೋಗುವವರು ಮೊದಲು ಲಾಂಗ್‌ಇಯರ್‌ಬ್ಯೆನ್ ಎಂಬ ಊರಿನಲ್ಲಿ ಇಳಿಯಬೇಕು.

ಆ ಸುದ್ದಿಯ ಬಾಲ ಹಿಡಿದು ಹೋದಾಗ ನನಗೆ ಇನ್ನೊಂದು ಸಂಗತಿ ಸಿಕ್ಕಿತು. ಅವರು ಇಳಿಯುವ ಎರಡು ತಿಂಗಳ ಮೊದಲು, ಅಕ್ಟೋಬರ್ 19ರಂದು, ಆ ಊರಿನ ಕಲ್ಲಿದ್ದಲು ಸ್ಥಾವರ ಬಂದ್ ಆಗಿತ್ತು. ಸುಮಾರು 40 ವರ್ಷ ಊರಿಗೆ ಕರೆಂಟ್ ಕೊಟ್ಟಿದ್ದು ಅದೇ, ಮನೆಗಳನ್ನು ಬೆಚ್ಚಗಿಟ್ಟಿದ್ದೂ ಅದೇ. ಇಡೀ ನಾರ್ವೆಯಲ್ಲಿ ಇದ್ದ ಒಂದೇ ಒಂದು ಕಲ್ಲಿದ್ದಲು ಪವರ್ ಪ್ಲಾಂಟ್ ಅದು. ಅದರ ಜಾಗಕ್ಕೆ ಬಂದದ್ದು ಏನು ಗೊತ್ತಾ? ಡೀಸೆಲ್.

ನಾನೂ ಮೊದಲು ನಕ್ಕೆ. ತನ್ನ ಕರೆಂಟನ್ನೆಲ್ಲಾ ಹೆಚ್ಚುಕಡಿಮೆ ಜಲಪಾತಗಳಿಂದಲೇ ತೆಗೆಯುವ ದೇಶ, ಊರೆಲ್ಲಾ ಎಲೆಕ್ಟ್ರಿಕ್ ಕಾರು ಓಡಿಸುವ ದೇಶ, ಪರಿಸರದ ಹೆಸರಲ್ಲಿ ಕಲ್ಲಿದ್ದಲು ಬಿಟ್ಟು ಡೀಸೆಲ್ ಜನರೇಟರ್ ಹಾಕಿಕೊಂಡಿತು ಅಂದರೆ ಯಾರಿಗಾದರೂ ನಗು ಬರುತ್ತದೆ ಅಲ್ವಾ. ಆದರೆ ಆ ಸ್ಥಾವರ ಏನೇನು ಮಾಡುತ್ತಿತ್ತು ಎಂದು ಒಂದೊಂದೇ ತಿಳಿಯುತ್ತಾ ಹೋದಂತೆ ನಗು ನಿಂತಿತು. ಅಲ್ಲಿನ ತಲೆನೋವು ಕರೆಂಟಲ್ಲ. ಬಿಸಿ. ಜನ ಸಾಮಾನ್ಯವಾಗಿ ಇದನ್ನೇ ಮರೆಯುತ್ತಾರೆ.

ಮೊದಲು ಊರಿನ ಪರಿಚಯ. ಲಾಂಗ್‌ಇಯರ್‌ಬ್ಯೆನ್ ಇರುವುದು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಉತ್ತರ ಧ್ರುವಕ್ಕೆ ಸುಮಾರು 1,300 ಕಿಲೋಮೀಟರ್. ನಾರ್ವೆಯ ಮುಖ್ಯ ಭೂಭಾಗದ ಟ್ರೋಮ್ಸೋ ನಗರಕ್ಕೆ ಸಮುದ್ರ ದಾಟಿ ಸಾವಿರ ಕಿಲೋಮೀಟರ್ ಹತ್ತಿರ. ಜನಸಂಖ್ಯೆ ಸುಮಾರು 2,500, ಅಂದರೆ ನಮ್ಮ ಕಡೆಯ ಒಂದು ಹಳ್ಳಿಯಷ್ಟು. ಅಷ್ಟರಲ್ಲೇ ವಿಮಾನ ನಿಲ್ದಾಣ, ಆಸ್ಪತ್ರೆ, ಶಾಲೆ, ವಿಶ್ವವಿದ್ಯಾಲಯ ಕೇಂದ್ರ ಎಲ್ಲವೂ ಇದೆ. ಜಗತ್ತಿನ ಬೀಜಗಳನ್ನು ಬೆಟ್ಟದೊಳಗೆ ಕಾಪಾಡುವ ಆ ಪ್ರಸಿದ್ಧ ಬೀಜ ಭಂಡಾರ ಇರುವುದೂ ಇಲ್ಲೇ. ಹೆಸರಿನ ಗುಟ್ಟು ಸರಳ: ನಾರ್ವೆ ಭಾಷೆಯಲ್ಲಿ ‘ಬ್ಯೆನ್’ ಅಂದರೆ ಊರು. ಜಾನ್ ಮನ್ರೋ ಲಾಂಗ್‌ಇಯರ್ ಎಂಬ ಅಮೆರಿಕದ ವ್ಯಾಪಾರಿ 1906ರಲ್ಲಿ ಇಲ್ಲಿ ಗಣಿ ಶುರು ಮಾಡಿದ, ಅವನ ಊರು ಇದು. ನಮ್ಮಲ್ಲಾಗಿದ್ದರೆ ಲಾಂಗ್‌ಇಯರ್‌ಪುರ ಅಂತಿದ್ದೆವೇನೋ.

ಅಕ್ಟೋಬರ್ ಕೊನೆಯಲ್ಲಿ ಮುಳುಗಿದ ಸೂರ್ಯ ಮತ್ತೆ ಕಾಣುವುದು ಫೆಬ್ರವರಿ ನಡುವೆ. ಏಪ್ರಿಲ್ 20ರ ಸುಮಾರಿಗೆ ಮೇಲೆ ಬಂದವನು ಆಗಸ್ಟ್ 23ರ ತನಕ ಮುಳುಗುವುದೇ ಇಲ್ಲ. 1986ರ ಮಾರ್ಚ್‌ನಲ್ಲಿ ಇಲ್ಲಿ ಮೈನಸ್ 46.3 ಡಿಗ್ರಿ ದಾಖಲಾಗಿದೆ. ಕಾಡು ಕಡಿದು ಸೌದೆ ಉರಿಸೋಣ ಅಂದರೆ ಮರಗಳೇ ಇಲ್ಲ. ಮುಖ್ಯ ಭೂಭಾಗದಿಂದ ವಿದ್ಯುತ್ ಲೈನ್ ಇಲ್ಲ, ಗ್ಯಾಸ್ ಪೈಪ್ ಇಲ್ಲ. ನೆರೆಯ ರಾಜ್ಯದಿಂದ ಕರೆಂಟ್ ಕೊಂಡುಕೊಳ್ಳುವ ಮಾತೇ ಇಲ್ಲ. ಏನಿದ್ದರೂ ಅಲ್ಲೇ ಹುಟ್ಟಬೇಕು, ಅಲ್ಲೇ ಖರ್ಚಾಗಬೇಕು.

ಈಗ ಸ್ಥಾವರದ ಒಳಗೆ ಹೋಗೋಣ.

ನಮ್ಮ ಅಜ್ಜಿ ಮನೆಯ ಅಡುಗೆಮನೆಯಲ್ಲಿ ದೊಡ್ಡ ಒಲೆಗೆ ಅಂಟಿಕೊಂಡಂತೆ ಒಂದು ಕೋಡೊಲೆ ಇತ್ತು. ನೋಡಿದವರಿಗೆ ಗೊತ್ತು. ಸೌದೆ ಹಾಕುವುದು ಮುಖ್ಯ ಒಲೆಗೆ ಮಾತ್ರ. ಅದರ ಮೇಲೆ ಅನ್ನದ ತಪ್ಪಲೆ. ತಪ್ಪಲೆಯ ತಳಕ್ಕೆ ತಾಗಿ ಮಿಕ್ಕ ಉರಿ, ಒಲೆಯ ಪಕ್ಕದ ತೂತಿನಿಂದ ಕೋಡೊಲೆಗೆ ನುಗ್ಗುತ್ತಿತ್ತು. ಅಲ್ಲಿ ಸಾರಿನ ಪಾತ್ರೆಯೋ ನೀರಿನ ಚರಿಗೆಯೋ ಬಿಸಿಯಾಗುತ್ತಾ ಕೂತಿರುತ್ತಿತ್ತು. ಕೋಡೊಲೆಗೆ ಅಂತ ಒಂದು ಕಡ್ಡಿಯನ್ನೂ ಅಜ್ಜಿ ಜಾಸ್ತಿ ಉರಿಸುತ್ತಿರಲಿಲ್ಲ. ಕರೆಂಟ್ ಮತ್ತು ಬಿಸಿ ಎರಡನ್ನೂ ಕೊಡುವ ಸ್ಥಾವರ ಅಂದರೆ ಇದೇ ಲೆಕ್ಕಾಚಾರ, ದೊಡ್ಡ ಮಟ್ಟದಲ್ಲಿ.

ಸಾಮಾನ್ಯ ಕಲ್ಲಿದ್ದಲು ಸ್ಥಾವರದಲ್ಲಿ ಏನಾಗುತ್ತದೆ? ಕಲ್ಲಿದ್ದಲು ಉರಿದು ಬಾಯ್ಲರ್‌ನ ನೀರು ಹಬೆಯಾಗುತ್ತದೆ. ಭಾರೀ ಒತ್ತಡದ ಆ ಹಬೆ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಜನರೇಟರ್ ತಿರುಗಿಸುತ್ತದೆ, ಕರೆಂಟ್ ಬರುತ್ತದೆ. ಇಷ್ಟು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಪುಸ್ತಕ ಹೇಳದೆ ಬಿಡುವುದು ಇದರ ನಂತರದ್ದು. ಟರ್ಬೈನ್ ದಾಟಿ ಸುಸ್ತಾಗಿ ಬಂದ ಹಬೆಯನ್ನು ಮತ್ತೆ ನೀರು ಮಾಡಬೇಕು, ಇಲ್ಲದಿದ್ದರೆ ಚಕ್ರ ಮುಂದೆ ಹೋಗುವುದಿಲ್ಲ. ನೀರು ಮಾಡಬೇಕೆಂದರೆ ಅದರ ಬಿಸಿಯನ್ನು ಎಲ್ಲಾದರೂ ಸುರಿಯಬೇಕು. ನದಿಗೋ ಗಾಳಿಗೋ. ದೊಡ್ಡ ಸ್ಥಾವರಗಳ ಪಕ್ಕ ಸೊಂಟ ಸಣ್ಣಗಾದ ದೈತ್ಯ ಗೋಪುರಗಳನ್ನು ನೋಡಿರುತ್ತೀರಿ, ಅವುಗಳಿಂದ ಏಳುವುದು ಹೊಗೆಯಲ್ಲ, ಹೀಗೆ ಬಿಸಾಡಿದ ಬಿಸಿಯ ಹಬೆ. ಕಲ್ಲಿದ್ದಲಿನಲ್ಲಿ ಇದ್ದ ಶಕ್ತಿಯಲ್ಲಿ ಮೂರನೇ ಒಂದು ಪಾಲು ಮಾತ್ರ ತಂತಿಗೆ ಹೋಗುತ್ತದೆ. ಮಿಕ್ಕಿದ್ದು ಬಹುಪಾಲು ಹೀಗೇ ಹೋಗುತ್ತದೆ. ಇಂಜಿನಿಯರ್‌ಗಳ ಸೋಮಾರಿತನ ಅಲ್ಲ ಇದು, ಭೌತಶಾಸ್ತ್ರದ ಕಟ್ಟಳೆ.

ರಾಯಚೂರಿನಂಥ ಊರಲ್ಲಿ ಈ ಬಿಸಿಯನ್ನು ಯಾರಿಗೆ ಕೊಡುತ್ತೀರಿ? ಮೇ ತಿಂಗಳಲ್ಲಿ ದುಡ್ಡು ಕೊಟ್ಟರೂ ಯಾರೂ ಬೇಡ ಅಂತಾರೆ. ಆದರೆ ಮೈನಸ್ ಇಪ್ಪತ್ತರ ಊರಲ್ಲಿ ಅದೇ ಚಿನ್ನ. ಅಲ್ಲಿ ಆ ಮಿಕ್ಕ ಹಬೆಯನ್ನು ಬಿಸಾಡದೆ ಬೇರೊಂದು ನೀರನ್ನು ಕಾಯಿಸಲು ಬಳಸುತ್ತಾರೆ. ಆ ಬಿಸಿನೀರು ಪೈಪ್‌ಗಳಲ್ಲಿ ಊರು ಸುತ್ತಿ, ಮನೆ ಮನೆಯ ಬಿಸಿಯನ್ನು ನೋಡಿಕೊಂಡು, ತಣ್ಣಗಾಗಿ ವಾಪಸ್ ಬರುತ್ತದೆ. ಕರೆಂಟ್ ಸ್ವಲ್ಪ ಕಡಿಮೆ ಸಿಗಬಹುದು, ಯಾಕೆಂದರೆ ಹಬೆಯನ್ನು ಪೂರ್ತಿ ಹಿಂಡದೆ ಇನ್ನೂ ಬಿಸಿಯಿರುವಾಗಲೇ ಹೊರಗೆ ತೆಗೆಯಬೇಕು. ಆದರೆ ಒಟ್ಟು ಲಾಭ ಭಾರೀ ಜಾಸ್ತಿ. ಒಳ್ಳೆಯ ಜೋಡಿ ಸ್ಥಾವರ ಇಂಧನದ ನೂರರಲ್ಲಿ ಎಪ್ಪತ್ತು ಎಂಬತ್ತು ಪಾಲನ್ನೂ ಕೆಲಸಕ್ಕೆ ಹಚ್ಚಬಲ್ಲದು.

ಲಾಂಗ್‌ಇಯರ್‌ಬ್ಯೆನ್ ಸ್ಥಾವರದ ಲೆಕ್ಕ ನೋಡಿ. ವರ್ಷಕ್ಕೆ ಸುಮಾರು 4 ಕೋಟಿ ಯೂನಿಟ್ ಕರೆಂಟ್. ಬಿಸಿಯನ್ನೂ ಅದೇ ಯೂನಿಟ್‌ನಲ್ಲಿ ಅಳೆದರೆ ಸುಮಾರು 7 ಕೋಟಿ. ಅಂದರೆ ಹೆಸರಿಗೆ ಪವರ್ ಪ್ಲಾಂಟ್, ಆದರೆ ಕೋಡೊಲೆಯದೇ ದೊಡ್ಡ ಅಡುಗೆ. ಇದಕ್ಕೆ ವರ್ಷಕ್ಕೆ ಉರಿಸುತ್ತಿದ್ದದ್ದು 25 ಸಾವಿರ ಟನ್ ಆಸುಪಾಸು ಕಲ್ಲಿದ್ದಲು. ರಾಯಚೂರಿನ 1,720 ಮೆಗಾವಾಟ್ ಸ್ಥಾವರದ ಎಲ್ಲಾ ಘಟಕಗಳೂ ಪೂರ್ತಿ ಓಡಿದರೆ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಇಷ್ಟು ಉರಿಯುತ್ತದೆ! ಆ ಲೆಕ್ಕದಲ್ಲಿ ಇದು ಆಟಿಕೆ. ಆದರೆ ತಲೆಗೆ ಹಂಚಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಹತ್ತು ಟನ್ ಕಲ್ಲಿದ್ದಲು, ಅದಕ್ಕೆ ತಕ್ಕಂತೆ ಇಪ್ಪತ್ತು ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡ್.

ಪೈಪ್‌ಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಡೀ ಕಥೆಯ ಜುಟ್ಟು ಅಲ್ಲಿದೆ. ಬೆಚ್ಚಗಿನ ದೇಶದಲ್ಲಿ ನಾವು ಪೈಪನ್ನು ನೆಲದಡಿ ಹೂಳುತ್ತೇವೆ. ಇಲ್ಲಿ ಹಾಗೆ ಮಾಡುವಂತಿಲ್ಲ. ಇಲ್ಲಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಬೇಸಿಗೆಯಲ್ಲಿ ಮೇಲಿನ ಪದರ ಮಾತ್ರ ಕರಗಿ ಕೆಸರಾಗುತ್ತದೆ. ಬಿಸಿನೀರಿನ ಪೈಪ್ ಹೂತರೆ ಸುತ್ತಲಿನ ಹಿಮ ಕರಗಿ ನೆಲ ಕುಸಿಯುತ್ತದೆ, ಪೈಪ್ ಬಾಗುತ್ತದೆ, ಒಡೆಯುತ್ತದೆ. ಹಾಗಾಗಿ ಊರಿನ ಪೈಪ್‌ಗಳು ನೆಲದ ಮೇಲೇ ಇವೆ. ಗಿಡ್ಡ ಕಂಬಗಳ ಮೇಲೆ, ದಪ್ಪ ಹೊದಿಕೆ ಸುತ್ತಿಕೊಂಡು, ಬೀದಿಯ ಪಕ್ಕದಲ್ಲೇ ಸಾಗುತ್ತವೆ. ಮನೆಗಳೂ ಅಷ್ಟೇ, ನೆಲಕ್ಕೆ ತಮ್ಮ ಬಿಸಿ ತಾಗದಿರಲಿ ಅಂತ ಕಂಬಗಳ ಮೇಲೆ ನಿಂತಿವೆ.

ಪೈಪಿನ ನೀರು ನೇರ ಮನೆಯ ನಲ್ಲಿಗೆ ಬರುವುದಿಲ್ಲ. ಕಟ್ಟಡದ ಬುಡದಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಅದರೊಳಗೆ ತೆಳ್ಳನೆಯ ಲೋಹದ ಹಾಳೆಗಳು ಒತ್ತೊತ್ತಾಗಿ. ಒಂದು ಕಡೆ ಊರಿನ ಬಿಸಿನೀರು, ಹಾಳೆಯ ಆಚೆ ಕಡೆ ಮನೆಯ ನೀರು. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ, ಬಿಸಿ ಮಾತ್ರ ದಾಟುತ್ತದೆ. ಹಾಲಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಟ್ಟು ಆರಿಸುತ್ತೇವಲ್ಲ, ಅದೇ.

ಈಗ ಜನವರಿಯ ಒಂದು ರಾತ್ರಿ ಈ ನೀರು ನಿಂತಿತು ಅಂದುಕೊಳ್ಳಿ. ಕರೆಂಟ್ ಹೋದರೆ ಮೇಣದಬತ್ತಿ ಹಚ್ಚಬಹುದು. ಬಿಸಿ ಹೋದರೆ? ಗೋಡೆಗಳಲ್ಲಿ ಉಳಿದ ಬಿಸಿ ಕೆಲವು ಗಂಟೆ. ಆಮೇಲೆ ಮನೆಯೊಳಗಿನ ನೀರಿನ ಪೈಪ್ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಹಿಗ್ಗುತ್ತದೆ, ಪೈಪ್ ಸೀಳುತ್ತದೆ. ಚರಂಡಿ ಕಟ್ಟುತ್ತದೆ. ಬಿಸಿನೀರು ತಳ್ಳುವ ಪಂಪ್‌ಗಳು ಓಡುವುದೂ ಕರೆಂಟಿನಿಂದಲೇ ಆದ್ದರಿಂದ, ಎರಡರಲ್ಲಿ ಒಂದು ಕೈಕೊಟ್ಟರೆ ಇನ್ನೊಂದೂ ಹಿಂದೆಯೇ ಹೋಗುವ ಭಯ. ಪಕ್ಕದ ಊರಿಗೆ ಬಸ್ ಹತ್ತಿಸಿ ಕಳಿಸೋಣ ಅಂದರೆ ರಸ್ತೆ ಇಲ್ಲ. ಇಡೀ ಊರನ್ನು ವಿಮಾನದಲ್ಲಿ ತೆರವು ಮಾಡಬೇಕು. ಇಷ್ಟು ಯೋಚಿಸಿದರೆ ಸಾಕು, ಅಲ್ಲಿ ಸ್ಥಾವರದವರು ಯಾಕೆ ಅಷ್ಟು ಪುಕ್ಕಲರು ಎಂದು ತಿಳಿಯುತ್ತದೆ. ಒಂದು ಬಾಯ್ಲರ್ ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ಡೀಸೆಲ್ ಜನರೇಟರ್, ಬಿಸಿಗೆ ಬೇರೆಯಾಗಿ ಊರಿನ ಅಲ್ಲಲ್ಲಿ ಎಣ್ಣೆ ಉರಿಸುವ ಬಾಯ್ಲರ್‌ಗಳು. ಕಲ್ಲಿದ್ದಲು ಕಾಲದಲ್ಲೂ ಈ ಡೀಸೆಲ್ ವ್ಯವಸ್ಥೆ ಪಕ್ಕದಲ್ಲೇ ಕಾಯುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಸ್ಥಾವರಕ್ಕೆ ವಯಸ್ಸಾಗುವುದು ಅಂದರೆ ಏನು? ಹಳೇ ಬೈಕಿನ ಹಾಗೆ ಒಂದು ದಿನ ಸ್ಟಾರ್ಟ್ ಆಗದೆ ನಿಲ್ಲುವುದಲ್ಲ. ಬಾಯ್ಲರ್ ಅಂದರೆ ಬೆಂಕಿಯ ಸುತ್ತ ನೇಯ್ದ ಉಕ್ಕಿನ ಕೊಳವೆಗಳ ಗೂಡು. ಹೊರಗೆ ಬೆಂಕಿ, ಒಳಗೆ ಒತ್ತಡದ ನೀರು. ಕಲ್ಲಿದ್ದಲಿನ ಬೂದಿ ಮರಳುಕಾಗದದ ಹಾಗೆ ಕೊಳವೆಯನ್ನು ಉಜ್ಜುತ್ತಾ ತೆಳ್ಳಗೆ ಮಾಡುತ್ತದೆ. ಕರಗಿದ ಬೂದಿ ಕಿಟ್ಟವಾಗಿ ಅಂಟಿಕೊಂಡು ಬಿಸಿ ದಾಟಲು ಬಿಡುವುದಿಲ್ಲ. ಒಳಗಡೆ ನೀರಿನ ಲವಣ ಪದರ ಕಟ್ಟುತ್ತದೆ, ಬೋರ್‌ವೆಲ್ ನೀರಿನ ಮನೆಯಲ್ಲಿ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಆ ಬಿಳಿ ಹೊಪ್ಪಳಿಕೆ ಗೊತ್ತು. ಗಂಧಕ ತುಕ್ಕು ಹಿಡಿಸುತ್ತದೆ. ಪ್ರತಿ ಸಲ ಬಾಯ್ಲರ್ ಆರಿಸಿ ಹೊತ್ತಿಸಿದಾಗ ಉಕ್ಕು ಕುಗ್ಗಿ ಹಿಗ್ಗಿ ಬೆಸುಗೆಗಳಲ್ಲಿ ಕೂದಲೆಳೆಯಷ್ಟು ಬಿರುಕು. ಒಂದು ಕೊಳವೆ ತೂತು ಬಿದ್ದರೆ ಇಡೀ ಬಾಯ್ಲರ್ ಆರಿಸಿ, ತಣ್ಣಗಾಗಲು ಬಿಟ್ಟು, ಒಳಗೆ ಇಳಿದು ಬೆಸೆಯಬೇಕು. ಆರಿಸಿದ್ದಕ್ಕೆ ಇನ್ನೆರಡು ಬಿರುಕು ಹೆಚ್ಚು. ಬೇರೆ ಊರಲ್ಲಾದರೆ ಅಷ್ಟು ದಿನ ಗ್ರಿಡ್ ಕೈಹಿಡಿಯುತ್ತದೆ. ಇಲ್ಲಿ ಬಿಡಿಭಾಗ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು, ಸಣ್ಣ ಹಳೆಯ ಸ್ಥಾವರದ ಬಿಡಿಭಾಗ ಅಂಗಡಿಯಲ್ಲಿ ಸಿಗುವ ಮಾಲೂ ಅಲ್ಲ.

ಜೊತೆಗೆ ಕಲ್ಲಿದ್ದಲು ಬೆಂಕಿಗೆ ಇನ್ನೊಂದು ಹಠ. ಅದನ್ನು ಗ್ಯಾಸ್ ಸ್ಟೌವ್‌ನಂತೆ ಸಣ್ಣ ಉರಿ ದೊಡ್ಡ ಉರಿ ಮಾಡಲಾಗದು. ಬೇಸಿಗೆಯಲ್ಲಿ ಊರಿಗೆ ಬಿಸಿ ಕಡಿಮೆ ಸಾಕು, ಕರೆಂಟ್ ಮಾತ್ರ ಬೇಕೇ ಬೇಕು. ಆಗ ಕೋಡೊಲೆಯ ಮೇಲೆ ಪಾತ್ರೆ ಇಲ್ಲದಂತಾಯಿತು. ಬಿಸಿ ಸಮುದ್ರದ ಪಾಲು.

1980ರ ದಶಕದ ಆರಂಭದಲ್ಲಿ ಕಟ್ಟಿದ ಈ ಸ್ಥಾವರದ ಹೊಗೆಯನ್ನು ತೊಳೆದು ಗಂಧಕ ತೆಗೆಯುವ ವ್ಯವಸ್ಥೆ ಬಂದದ್ದು 2010ರ ದಶಕದ ನಡುವೆ. ಆ ಹೊತ್ತಿಗೆ ಯಂತ್ರಕ್ಕೆ ಮೂವತ್ತು ದಾಟಿತ್ತು. ರಿಪೇರಿ ಖರ್ಚು ಏರುತ್ತಿತ್ತು, ನಿಲ್ಲುವುದೂ ಜಾಸ್ತಿಯಾಗುತ್ತಿತ್ತು. ಕೊನೆಗೆ 2021ರಲ್ಲಿ ಸ್ಥಳೀಯ ಆಡಳಿತ ಇದನ್ನು ಮುಚ್ಚಲು ತೀರ್ಮಾನಿಸಿತು.

ಮುಚ್ಚುವುದು ಯಂತ್ರದ ಪ್ರಶ್ನೆ ಮಾತ್ರ ಆಗಿರಲಿಲ್ಲ. ಈ ಊರು ಹುಟ್ಟಿದ್ದೇ ಕಲ್ಲಿದ್ದಲಿಗೆ. ಸುಮಾರು ಆರು ಕೋಟಿ ವರ್ಷ ಹಿಂದೆ ಇಲ್ಲಿ ದಟ್ಟ ಕಾಡಿತ್ತು. ಇವತ್ತಿಗೂ ಊರ ಹಿಂದಿನ ಹಿಮನದಿ ತಂದು ಸುರಿದ ಕಲ್ಲುಗಳಲ್ಲಿ ಎಲೆಯ ಅಚ್ಚು ಸಿಗುತ್ತದೆ. 1916ರಲ್ಲಿ ಸ್ಟೂರೆ ನೋರ್ಸ್ಕೆ ಎಂಬ ನಾರ್ವೆ ಕಂಪನಿ ಅಮೆರಿಕದವರಿಂದ ಗಣಿ ಕೊಂಡಿತು. 1920ರಲ್ಲಿ ಸಹಿಯಾದ ಸ್ವಾಲ್‌ಬಾರ್ಡ್ ಒಪ್ಪಂದದ ಪ್ರಕಾರ ದ್ವೀಪ ನಾರ್ವೆಯದು, ಆದರೆ ಸಹಿ ಮಾಡಿದ ಎಲ್ಲ ದೇಶದವರಿಗೂ ಅಲ್ಲಿ ದುಡಿಯಲು ಸಮಾನ ಹಕ್ಕು. ಬ್ರಿಟಿಷರ ಕಾಲದಲ್ಲೇ ಭಾರತದ ಪರವಾಗಿಯೂ ಅದಕ್ಕೆ ಸಹಿ ಬಿದ್ದಿದೆ. ಇಂಥ ಕಡೆ ‘ಇದು ನಮ್ಮದು’ ಅನ್ನಲು ಕಾಗದ ಸಾಲದು, ಜನ ಬದುಕುತ್ತಿರಬೇಕು. ಜನ ಬದುಕಲು ಕೆಲಸ ಬೇಕು. ಆ ಕೆಲಸ ಕಲ್ಲಿದ್ದಲು. ಗಣಿ ಲಾಭ ತರುತ್ತದಾ ಅನ್ನುವುದು ಅನೇಕ ಸಲ ಎರಡನೇ ಪ್ರಶ್ನೆ ಆಗಿತ್ತು.

ಅದಕ್ಕೆ ಕೊಟ್ಟ ಬೆಲೆ ಸಣ್ಣದಲ್ಲ. 1920ರ ಜನವರಿಯಲ್ಲಿ ಊರಿನ ಒಂದನೇ ಗಣಿಯಲ್ಲಿ ಸ್ಫೋಟವಾಗಿ 26 ಜನ ಸತ್ತರು. ನಮ್ಮ ಹಿಮಾದ್ರಿ ಕೇಂದ್ರ ಇರುವ ನಿ-ಓಲೆಸುಂಡ್ ಕೂಡ ಮೊದಲು ಗಣಿಯೂರೇ. 1962ರ ನವೆಂಬರ್‌ನಲ್ಲಿ ಅಲ್ಲಿ ಸ್ಫೋಟವಾಗಿ 21 ಗಣಿ ಕಾರ್ಮಿಕರು ತೀರಿಕೊಂಡರು. ಅದರ ಗಲಾಟೆಯಲ್ಲಿ ಮರುವರ್ಷ ನಾರ್ವೆಯ ಸರ್ಕಾರವೇ ಬಿತ್ತು. ಗಣಿ ಶಾಶ್ವತವಾಗಿ ಮುಚ್ಚಿತು, ಊರು ವಿಜ್ಞಾನಿಗಳ ಪಾಲಾಯಿತು.

ಲಾಂಗ್‌ಇಯರ್‌ಬ್ಯೆನ್‌ನಲ್ಲಿ ಇವತ್ತಿಗೂ ಹೋಟೆಲಿಗೆ, ಮ್ಯೂಸಿಯಮ್ಮಿಗೆ ಹೋದರೆ ಬಾಗಿಲಲ್ಲೇ ಶೂ ಬಿಚ್ಚಬೇಕು. ಗಣಿಯಿಂದ ಬಂದವರ ಬೂಟಿನ ಕರಿ ಧೂಳು ಒಳಗೆ ಬರದಿರಲಿ ಅಂತ ಶುರುವಾದ ರೂಢಿ ಇದು. ಹೊರಗಿನವರಿಗೆ ಇದೊಂದು ವಿಚಿತ್ರ. ನಮಗೇನು, ಮನೆಯ ಅಭ್ಯಾಸ.

ಸ್ಥಾವರಕ್ಕೆ ಕಲ್ಲಿದ್ದಲು ಬರುತ್ತಿದ್ದದ್ದು ಊರಿಂದ ಸುಮಾರು 15 ಕಿಲೋಮೀಟರ್ ದೂರದ ಏಳನೇ ಗಣಿಯಿಂದ. ಲಾರಿಯಲ್ಲಿ ತುಂಬಿ ಕಣಿವೆ ಇಳಿಸಿದರೆ ಆಯಿತು. ಪರದೇಶದ ದರ, ಹಡಗು, ಚಂಡಮಾರುತ ಯಾವುದರ ಹಂಗೂ ಇಲ್ಲ. ಇಂಧನ ಮನೆ ಹಿತ್ತಲಲ್ಲೇ ಇದೆ ಅನ್ನುವ ಧೈರ್ಯ ಚಳಿಗಾಲದಲ್ಲಿ ಎಂಥದ್ದು ಅನ್ನುವುದನ್ನು ಸೌದೆ ಒಟ್ಟಿದ ಮನೆಯವರನ್ನು ಕೇಳಬೇಕು. ಸ್ಥಾವರ ಉರಿಸಿ ಮಿಕ್ಕ ಕಲ್ಲಿದ್ದಲು ಯೂರೋಪಿಗೆ ಮಾರಾಟ. ಹೀಗೆ ಗಣಿಗೂ ಸ್ಥಾವರಕ್ಕೂ ಗಂಟು ಬಿದ್ದಿತ್ತು. ಗಣಿ ನಿಂತರೆ ಸ್ಥಾವರಕ್ಕೆ ಹೊಟ್ಟೆಗಿಲ್ಲ, ಸ್ಥಾವರ ನಿಂತರೆ ಗಣಿಗೆ ಊರಿನಲ್ಲೇ ಇದ್ದ ಗಿರಾಕಿ ಇಲ್ಲ.

2020ರ ಜುಲೈನಲ್ಲಿ ಇಲ್ಲಿ 21.7 ಡಿಗ್ರಿ ಬಿಸಿ ದಾಖಲಾಯಿತು. ನಮಗೆ ಅದು ಮಡಿಕೇರಿಯ ಹಿತವಾದ ಸಂಜೆ, ಅವರಿಗೆ ಸಾರ್ವಕಾಲಿಕ ದಾಖಲೆ. ಬೆಟ್ಟದ ಮೇಲಿನ ಹಿಮನದಿ ಕರಗಿ ಆ ನೀರು ಏಳನೇ ಗಣಿಯೊಳಗೇ ನುಗ್ಗಿತು. ಭೂಮಿಯ ಮೇಲೆ ಅತಿ ಬೇಗ ಬಿಸಿಯಾಗುತ್ತಿರುವ ಜಾಗಗಳಲ್ಲಿ ಇದೂ ಒಂದು. ಕಲ್ಲಿದ್ದಲು ಉರಿಸಿ ಬಿಸಿಯಾದ ಗಾಳಿ ಬಂದು ಕಲ್ಲಿದ್ದಲು ಗಣಿಯನ್ನೇ ಮುಳುಗಿಸಿದ್ದನ್ನು ಕಥೆಯಲ್ಲಿ ಬರೆದರೆ ‘ಜಾಸ್ತಿಯಾಯ್ತು’ ಅಂತೀರಿ.

ಆಮೇಲಿನದು ಇನ್ನೂ ತಮಾಷೆ. ಗಣಿ ಮತ್ತು ಸ್ಥಾವರ ಎರಡೂ 2023ರಲ್ಲಿ ಮುಗಿಯಬೇಕಿತ್ತು. ಅಷ್ಟರಲ್ಲಿ ಉಕ್ರೇನ್ ಯುದ್ಧ. ಯೂರೋಪಿನಲ್ಲಿ ಕಲ್ಲಿದ್ದಲಿಗೆ ಬೇಡಿಕೆ ಎದ್ದಿತು, ಗಣಿಯ ಆಯಸ್ಸು 2025ರ ತನಕ ಎಳೆಯಿತು. ಸ್ಥಾವರ ಮಾತ್ರ ಹೇಳಿದ ವರ್ಷಕ್ಕೇ ನಿಂತಿತು. ಹಾಗಾಗಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಈ ಪುಟ್ಟ ಊರು ತನ್ನ ಕಲ್ಲಿದ್ದಲನ್ನು ಹಡಗು ಹತ್ತಿಸಿ ಕಳಿಸುತ್ತಿತ್ತು, ಹಡಗಿನಲ್ಲಿ ಡೀಸೆಲ್ ತರಿಸಿಕೊಳ್ಳುತ್ತಿತ್ತು. 2025ರ ಜೂನ್ 30ಕ್ಕೆ ಏಳನೇ ಗಣಿಯೂ ಮುಚ್ಚಿತು. ಸ್ಟೂರೆ ನೋರ್ಸ್ಕೆಯ ಗಣಿಗಾರಿಕೆ 109 ವರ್ಷಕ್ಕೆ ಮುಗಿಯಿತು.

ಸರಿ, ಡೀಸೆಲ್ಲೇ ಯಾಕೆ? ಬೇರೆ ಏನೂ ಇರಲಿಲ್ಲವಾ?

ಪಟ್ಟಿ ಉದ್ದ ಇತ್ತು. ನಾರ್ವೆಯಿಂದ ಸಮುದ್ರದಡಿ ಕೇಬಲ್ ಎಳೆಯುವುದು: 2,500 ಜನರಿಗೆ ಸಾವಿರ ಕಿಲೋಮೀಟರ್ ಕೇಬಲ್, ಖರ್ಚು ನೋಡಿದವರು ಕಡತ ಮುಚ್ಚಿದರು. ದ್ರವ ಅನಿಲ ತರಿಸುವುದನ್ನೂ ಲೆಕ್ಕ ಹಾಕಿದರು. ಗಾಳಿಯಂತ್ರ: ಚಳಿಗಾಲದಲ್ಲಿ ಗಾಳಿ ಚೆನ್ನಾಗಿದೆ, ನಿಜ. ಆದರೆ ರೆಕ್ಕೆಗೆ ಹಿಮ ಕಟ್ಟುತ್ತದೆ, ಹಿಮಸಾರಂಗ ಮತ್ತು ಹಕ್ಕಿಗಳ ಚಿಂತೆ ಇದೆ, ದ್ವೀಪಸಮೂಹದ ನೂರರಲ್ಲಿ 65 ಭಾಗ ಸಂರಕ್ಷಿತ ಪ್ರದೇಶ. ಸೌರ ಫಲಕ: ಬೇಸಿಗೆಯಲ್ಲಿ ಇಪ್ಪತ್ನಾಲ್ಕು ಗಂಟೆ ಬಿಸಿಲು, ಚಳಿಗೆ ಫಲಕಗಳು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ, ಹಿಮದ ಮೇಲಿಂದ ಚಿಮ್ಮಿ ಬಂದ ಬೆಳಕೂ ಸಿಗುತ್ತದೆ. ಆದರೆ ಬಿಸಿ ಅತಿ ಜಾಸ್ತಿ ಬೇಕಾದ ತಿಂಗಳುಗಳಲ್ಲಿ ಸೂರ್ಯನೇ ರಜೆ. ಬ್ಯಾಟರಿಯಲ್ಲಿ ತುಂಬಿಟ್ಟುಕೊಳ್ಳಬಾರದಾ ಅಂದರೆ, ಬ್ಯಾಟರಿ ಗಂಟೆಗಳ ಲೆಕ್ಕದ್ದು. ನಾಲ್ಕು ತಿಂಗಳ ಕತ್ತಲೆಗೆ ಜುಲೈನ ಬಿಸಿಲನ್ನು ಬ್ಯಾಟರಿಯಲ್ಲಿ ತುಂಬುವುದು ಅಂದರೆ ವರ್ಷದ ಉಪ್ಪಿನಕಾಯಿಯನ್ನು ಟೀ ಲೋಟದಲ್ಲಿ ಹಾಕಿಟ್ಟಂತೆ.

ಬರೀ ಕರೆಂಟಿನ ಪ್ರಶ್ನೆ ಆಗಿದ್ದರೆ ಇವುಗಳ ಒಂದು ಕಲಸುಮೇಲೋಗರ ಹೇಗೋ ನಡೆಯುತ್ತಿತ್ತು. ಎಲ್ಲ ಕಡೆ ಅಡ್ಡ ಬರುವುದು ಆ 7 ಕೋಟಿ ಯೂನಿಟ್ ಬಿಸಿ. ಗಾಳಿಯಂತ್ರಕ್ಕೆ ಕೋಡೊಲೆ ಇಲ್ಲ, ಸೌರ ಫಲಕಕ್ಕೂ ಇಲ್ಲ. ಅವು ಕರೆಂಟ್ ಕೊಡುತ್ತವೆ, ಬಿಸಿ ಬೇಕೆಂದರೆ ಅದೇ ಕರೆಂಟನ್ನು ಹೀಟರ್‌ಗೆ ಹಾಕಬೇಕು. ಆಗ 4 ಕೋಟಿಯ ಊರಿಗೆ 11 ಕೋಟಿ ಯೂನಿಟ್ ಬೇಕಾಗುತ್ತದೆ. ಹೀಟ್ ಪಂಪ್ ಹಾಕಿದರೆ ಸ್ವಲ್ಪ ಉಳಿತಾಯ. ಅದು ಫ್ರಿಜ್ಜಿನ ಉಲ್ಟಾ ಯಂತ್ರ: ಹೊರಗಿನ ನೀರು ಅಥವಾ ನೆಲದಿಂದ ಬಿಸಿ ಹೀರಿ ಒಳಗೆ ತಳ್ಳುತ್ತದೆ, ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್ ಬಿಸಿ ಸಿಗಬಹುದು. ಆಳಕ್ಕೆ ಕೊರೆದು ಭೂಮಿಯೊಳಗಿನ ಬಿಸಿ ತೆಗೆಯಬಹುದಾ ಎಂದೂ ಸ್ಟೂರೆ ನೋರ್ಸ್ಕೆಯವರು ಹುಡುಕುತ್ತಿದ್ದಾರೆ. ಆದರೆ ಇವೆಲ್ಲಾ ಬರುವ ತನಕ ಮುದಿ ಬಾಯ್ಲರ್ ಕಾಯುತ್ತದಾ?

ಇಲ್ಲಿ ಆ ಪಕ್ಕದಲ್ಲಿ ಕಾಯುತ್ತಿದ್ದ ಡೀಸೆಲ್ ವ್ಯವಸ್ಥೆ ನೆನಪಿಗೆ ಬರಬೇಕು. ಜನರೇಟರ್‌ಗಳು ಅಲ್ಲೇ ಇದ್ದವು. ಎಣ್ಣೆ ಬಾಯ್ಲರ್‌ಗಳು ಇದ್ದವು. ಪೈಪ್ ಜಾಲ ಇತ್ತು, ಅದಕ್ಕೆ ನೀರು ಯಾವ ಬೆಂಕಿಯಿಂದ ಕಾದರೂ ಒಂದೇ. ತುರ್ತಿಗೆ ಇಟ್ಟಿದ್ದನ್ನೇ ದಿನನಿತ್ಯಕ್ಕೆ ತಂದರು. ಡೀಸೆಲ್ ಇಂಜಿನ್‌ಗೂ ಒಂಥರಾ ಕೋಡೊಲೆ ಇದೆ. ಇಂಜಿನ್ ತಂಪು ಮಾಡುವ ನೀರಲ್ಲಿ, ಹೊಗೆ ಕೊಳವೆಯಲ್ಲಿ ಹೋಗುವ ಬಿಸಿಯನ್ನು ಹಿಡಿದು ಊರಿನ ಪೈಪಿಗೆ ಕೊಡಬಹುದು.

ಹೊಗೆಯ ಲೆಕ್ಕವೂ ಇಳಿಯುತ್ತದೆ. ಸ್ಥಳೀಯ ಆಡಳಿತದ ಅಂದಾಜಿನ ಪ್ರಕಾರ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಅರ್ಧಕ್ಕೆ. ಇದು ಹೇಗೆ ಅಂದರೆ, ಅಷ್ಟೇ ಬಿಸಿಗೆ ಕಲ್ಲಿದ್ದಲಿಗಿಂತ ಡೀಸೆಲ್ಲಿನಿಂದ ಇಂಗಾಲ ಸುಮಾರು ಐದನೇ ಒಂದು ಪಾಲು ಕಡಿಮೆ. ಮಿಕ್ಕ ಉಳಿತಾಯ ಯಂತ್ರದ್ದು. ಸಣ್ಣ ಹಳೆಯ ಹಬೆ ಟರ್ಬೈನ್‌ಗಿಂತ ಡೀಸೆಲ್ ಇಂಜಿನ್ ಇಂಧನವನ್ನು ಚೆನ್ನಾಗಿ ಬಳಸುತ್ತದೆ. ಬೇಕಾದಾಗ ಓಡಿಸಿ ಬೇಡವಾದಾಗ ನಿಲ್ಲಿಸಬಹುದು. ಮುಂದೆ ಬಿಸಿಲೋ ಗಾಳಿಯೋ ಸೇರಿದಾಗ ಆ ಹೊತ್ತಿಗೆ ಇಂಜಿನ್ ಆರಿಸಿದರಾಯಿತು, ಕಲ್ಲಿದ್ದಲು ಬಾಯ್ಲರ್‌ನಲ್ಲಿ ಅದು ಆಗದ ಮಾತು. ಡೀಸೆಲ್ ಸಮರ್ಥಕರ ನಿಜವಾದ ವಾದ ಇದೇ. ನನಗೆ ಇದು ಒಪ್ಪಿಗೆ, ಒಂದು ಷರತ್ತಿನ ಮೇಲೆ. ತಾತ್ಕಾಲಿಕ ಅಂತ ಕಟ್ಟಿದ ಶೆಡ್ಡು ಎಷ್ಟು ವರ್ಷ ನಿಲ್ಲುತ್ತದೆ ಅಂತ ನಮಗೆಲ್ಲಾ ಗೊತ್ತಿದೆಯಲ್ಲ.

ಜೊತೆಗೆ ಒಂದು ದೊಡ್ಡ ಬ್ಯಾಟರಿ ಹಾಕಿದ್ದಾರೆ, 7 ಸಾವಿರ ಯೂನಿಟ್ ಹಿಡಿಸುವಂಥದ್ದು. ಊರು ಓಡಿಸಲು ಅದು ಒಂದೆರಡು ಗಂಟೆಗೆ ಸಾಕು, ಅಷ್ಟೇ. ಆದರೆ ಅದರ ಕೆಲಸ ಊರು ಓಡಿಸುವುದಲ್ಲ. ಓಡುತ್ತಿದ್ದ ಇಂಜಿನ್ ಥಟ್ಟನೆ ನಿಂತರೆ ಇನ್ನೊಂದು ಹೊತ್ತಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆ ನಡುವೆ ಊರು ಕತ್ತಲಾಗದಂತೆ ಹಿಡಿದು ನಿಲ್ಲುವುದು ಬ್ಯಾಟರಿ. ಮೊದಲು ಇದಕ್ಕಾಗಿಯೇ ಒಂದು ಹೆಚ್ಚುವರಿ ಯಂತ್ರವನ್ನು ಸುಮ್ನೆ ತಿರುಗಿಸುತ್ತಾ ಇಡಬೇಕಿತ್ತು. ಮನೆಯ ಯುಪಿಎಸ್‌ನ ದೊಡ್ಡಣ್ಣ ಅಂದುಕೊಳ್ಳಿ.

ಇನ್ನು ದುಡ್ಡು. ಇಲ್ಲಿ ಡೀಸೆಲ್ ದಾರಿಯ ಬಣ್ಣ ಬಯಲಾಗುತ್ತದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ. 11 ಕೋಟಿ ಯೂನಿಟ್ ಬೇಕಾದರೆ, ಒಂದು ಹನಿಯೂ ಪೋಲಾಗದಿದ್ದರೂ ವರ್ಷಕ್ಕೆ 1 ಕೋಟಿ ಲೀಟರ್‌ಗಿಂತ ಜಾಸ್ತಿ. ಅಷ್ಟೂ ಹಡಗಿನಲ್ಲಿ ಬರಬೇಕು, ಅಷ್ಟಕ್ಕೂ ಪರದೇಶದ ದರ. ಹಿತ್ತಲಿನ ಸೌದೆ ಬಿಟ್ಟು ಅಂಗಡಿಯ ಸಿಲಿಂಡರ್‌ಗೆ ಬಂದಂತೆ. ಬಿಲ್ ಏರಿತು, ಓಸ್ಲೋದ ಸರ್ಕಾರ ಕೈ ನೀಡಬೇಕಾಯಿತು. ಜನ ಗೊಣಗಿದ್ದರಲ್ಲಿ ತಪ್ಪೇನಿಲ್ಲ.

ಇದೇ ಸಮಸ್ಯೆಗೆ ರಷ್ಯಾದವರು ಬೇರೆಯೇ ಉತ್ತರ ಹುಡುಕಿದರು. ದೂರದ ಚುಕೋಟ್ಕಾದ ಪೆವೆಕ್ ಪಟ್ಟಣದಲ್ಲಿ 1944ರಿಂದ ಒಂದು ಕಲ್ಲಿದ್ದಲು ಸ್ಥಾವರ ಕರೆಂಟ್ ಮತ್ತು ಬಿಸಿ ಎರಡನ್ನೂ ಕೊಡುತ್ತಿತ್ತು. ಅದಕ್ಕೆ ಬದಲಿಯಾಗಿ 2019ರಲ್ಲಿ ಅಲ್ಲಿಗೆ ಒಂದು ತೇಲುವ ಅಣುಸ್ಥಾವರವನ್ನೇ ಸಮುದ್ರದ ಮೇಲೆ ಎಳೆದು ತಂದು ದಡಕ್ಕೆ ಕಟ್ಟಿ ನಿಲ್ಲಿಸಿದರು! ಹೆಸರು ಅಕಾಡೆಮಿಕ್ ಲೊಮೊನೊಸೊವ್, 35 ಮೆಗಾವಾಟಿನ ಎರಡು ರಿಯಾಕ್ಟರ್. 2020ರಲ್ಲಿ ಅದರ ಬಿಸಿನೀರನ್ನು ಪಟ್ಟಣದ ಪೈಪಿಗೆ ಸೇರಿಸಿದರು. ನಾಲ್ಕೈದು ಸಾವಿರ ಜನರ ಊರಿಗೆ ಅಣುಸ್ಥಾವರ ಅತಿರೇಕ ಅನ್ನಿಸಬಹುದು. ಆದರೆ ಅಣುಸ್ಥಾವರಕ್ಕೆ ಕೋಡೊಲೆ ಇದೆ ಅನ್ನುವುದನ್ನು ಗಮನಿಸಿ.

ಸ್ವಾಲ್‌ಬಾರ್ಡ್‌ನಲ್ಲಿ ಮುಂದಿನ ದಾರಿಯ ಪ್ರಯೋಗ ನಡೆಯುತ್ತಿರುವುದು ಲಾಂಗ್‌ಇಯರ್‌ಬ್ಯೆನ್‌ನಲ್ಲಿ ಅಲ್ಲ, ಊರಿನ ಮುಂದಿನ ಫ್ಯೋರ್ಡ್‌ನ (ನೆಲದೊಳಗೆ ಉದ್ದಕ್ಕೆ ಚಾಚಿದ ಸಮುದ್ರದ ತೋಳಿನ) ಬಾಯಲ್ಲಿರುವ ಇಸ್‌ಫ್ಯೋರ್ಡ್ ರೇಡಿಯೋ ಎಂಬ ಹಳೆಯ ರೇಡಿಯೋ ಕೇಂದ್ರದಲ್ಲಿ. ಈಗ ಅದು ಪ್ರವಾಸಿಗರ ತಂಗುದಾಣ. 2023ರ ಸೆಪ್ಟೆಂಬರ್‌ನಲ್ಲಿ, ಊರಿನ ಸ್ಥಾವರ ಮುಚ್ಚುವ ತಿಂಗಳ ಮೊದಲು, ಅಲ್ಲಿ ನೆಲದ ಮೇಲೆ 360 ಸೌರ ಫಲಕಗಳನ್ನು ನಿಲ್ಲಿಸಿದರು. ಜೊತೆಗೆ ಬ್ಯಾಟರಿ, ಬಿಸಿಯನ್ನು ಕೂಡಿಡಲು ನೀರಿನ ತೊಟ್ಟಿ, ಮತ್ತು ಡೀಸೆಲ್ ಜನರೇಟರ್. ಹೌದು, ಅಲ್ಲೂ ಡೀಸೆಲ್ ಇದೆ, ಚಳಿಗಾಲಕ್ಕೆ. ನನಗೆ ಇಷ್ಟವಾದದ್ದು ನೀರಿನ ತೊಟ್ಟಿ. ಕರೆಂಟನ್ನು ಕೂಡಿಡುವುದು ದುಬಾರಿ, ಬಿಸಿಯನ್ನು ಕೂಡಿಡುವುದು ಅಗ್ಗ. ಬಚ್ಚಲ ಹಂಡೆಗೆ ರಾತ್ರಿ ಹಾಕಿದ ಉರಿ ಬೆಳಗ್ಗೆಗೂ ಮಿಕ್ಕಿರುತ್ತದಲ್ಲ. ಊರಷ್ಟು ದೊಡ್ಡ ಹಂಡೆ ಮಾಡಬಹುದಾ ಅನ್ನುವುದೇ ಈಗ ಇರುವ ಪ್ರಶ್ನೆ.

ಅದೇ ಫ್ಯೋರ್ಡ್‌ನ ಒಂದು ಕವಲಿನ ದಡದಲ್ಲಿ, ಲಾಂಗ್‌ಇಯರ್‌ಬ್ಯೆನ್ ಮತ್ತು ಈ ರೇಡಿಯೋ ಕೇಂದ್ರದ ನಡುವೆ, ರಷ್ಯನ್ನರ ಬಾರೆಂಟ್ಸ್‌ಬರ್ಗ್ ಇದೆ. 1920ರ ಒಪ್ಪಂದದ ಹಕ್ಕಿನಲ್ಲಿ ಕೂತ ಕೆಲವು ನೂರು ಜನರ ಗಣಿಯೂರು. ಅವರ ಗಣಿ ಇನ್ನೂ ನಡೆಯುತ್ತಿದೆ, ಅವರ ಕಲ್ಲಿದ್ದಲು ಸ್ಥಾವರವೂ ಉರಿಯುತ್ತಿದೆ, ಕರೆಂಟ್ ಮತ್ತು ಬಿಸಿ ಎರಡನ್ನೂ ಕೊಡುತ್ತಾ. ಎರಡು ಊರುಗಳ ನಡುವೆ ರಸ್ತೆಯಿಲ್ಲ, ವಿದ್ಯುತ್ ತಂತಿಯೂ ಇಲ್ಲ.